ಹೆಗಲಿನಿಂದ ಇಳಿಯಲೊಲ್ಲದ ಹಕ್ಕಿ

ಪಂಜರದ ಬಾಗಿಲು ತೆರೆದಿಟ್ಟರೂ ಹಾರಿಹೋಗದ ಹಕ್ಕಿಯನ್ನು ಕಂಡು ಹಿಗ್ಗದ ಮನೆಯವರಿಲ್ಲ. ‘ನಮ್ಮನ್ನು ಬಿಟ್ಟು ಅದು ಒಂದು ಗಳಿಗೆಯೂ ಇರುವುದಿಲ್ಲ’ ಎಂದು ನೆಂಟರಿಷ್ಟರ ಮುಂದೆ ಹೇಳಿಕೊಳ್ಳುವಾಗ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಸೇರಿರುತ್ತದೆ. ಆದರೆ ಅದೇ ಹಕ್ಕಿ ಯಜಮಾನ ಸ್ನಾನಕ್ಕೆ ಹೋದರೆ ಕಿವಿ ಗಡಚಿಕ್ಕುವಂತೆ ಕೂಗುತ್ತದೆ. ಮನೆಮಂದಿ ಮದುವೆಗೆಂದು ಎರಡು ದಿನ ಊರಿಗೆ ಹೋದರೆ ಕಾಳು ಮುಟ್ಟದೆ ಮುದುಡಿ ಕೂರುತ್ತದೆ. ಕೆಲವು ಹಕ್ಕಿಗಳು ತಮ್ಮ ಎದೆಯ ಗರಿಗಳನ್ನು ತಾವೇ ಕಿತ್ತುಕೊಳ್ಳುವುದೂ ಉಂಟು. ಇದು ಪ್ರೀತಿಯೋ, ಪರಾಧೀನತೆಯೋ?

ಬೂದು ಮೈ, ಹಳದಿ ಮುಖ, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಬೊಟ್ಟು, ನೆತ್ತಿಯ ಮೇಲೆ ಏರಿಳಿಯುವ ಜುಟ್ಟು ಇರುವ ಕಾಕಟೀಲ್ ಎಂಬ ಹಕ್ಕಿ ಇಂದು ನಮ್ಮ ನಗರಗಳ ಎಷ್ಟೋ ಮನೆಗಳಲ್ಲಿದೆ. ಮೇಲಿನ ಪ್ರಶ್ನೆ ಹೆಚ್ಚಾಗಿ ಏಳುವುದೂ ಈ ಹಕ್ಕಿಯ ವಿಷಯದಲ್ಲೇ. ಉತ್ತರ ಹುಡುಕಲು ಹಕ್ಕಿಯ ಸ್ವಭಾವ ತಿಳಿದರೆ ಸಾಲದು, ಅದು ಮನುಷ್ಯನ ಹೆಗಲೇರಿದ ಚರಿತ್ರೆಯನ್ನೂ ತಿಳಿಯಬೇಕು. ಅಷ್ಟೊಂದು ಅಂಟಿಕೊಳ್ಳುವುದು ಕಾಕಟೀಲಿನ ಹುಟ್ಟುಗುಣವಲ್ಲ. ಸುಮಾರು ಎರಡು ಶತಮಾನಗಳ ಸಾಕಣೆ ಅದನ್ನು ಹಾಗೆ ರೂಪಿಸಿದೆ.

ಅಲೆಮಾರಿಯ ಬದುಕು

ಕಾಕಟೀಲಿನ ತವರು ಆಸ್ಟ್ರೇಲಿಯಾದ ಒಳನಾಡು. ಮಳೆ ಯಾವಾಗ, ಎಲ್ಲಿ ಬೀಳುವುದೆಂದು ಹೇಳಲಾಗದ ಒಣಭೂಮಿ ಅದು. ಮಳೆ ಬಿದ್ದ ಕಡೆ ಹುಲ್ಲು ಚಿಗುರಿ ಬೀಜ ಕಟ್ಟುತ್ತದೆ. ಹಕ್ಕಿಗಳು ಅಲ್ಲಿಗೆ ಹಿಂಡುಹಿಂಡಾಗಿ ಬಂದಿಳಿಯುತ್ತವೆ, ಬೀಜ ಮುಗಿದರೆ ಮತ್ತೆ ಹೊರಡುತ್ತವೆ. ಹೀಗೆ ನೀರು ಮತ್ತು ಕಾಳಿನ ಬೆನ್ನುಹತ್ತಿ ಅಲೆಯುವ ಹಕ್ಕಿಗೆ ಎರಡು ಗುಣಗಳು ಅನಿವಾರ್ಯ. ಹಿಂಡಿನ ಜೊತೆ ಸಂಪರ್ಕ ತಪ್ಪದಂತೆ ನೋಡಿಕೊಳ್ಳುವುದು ಒಂದು, ತನ್ನ ಆಹಾರವನ್ನು ತಾನೇ ಹುಡುಕಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ಅದರ ಬಳಿ ಕೂಗು ಇದೆ. ‘ನಾನಿಲ್ಲಿದ್ದೇನೆ, ನೀನೆಲ್ಲಿ?’ ಎಂದು ಕೇಳುವ ಕೂಗು. ಹಿಂಡಿನಿಂದ ಉತ್ತರ ಬಂದರೆ ಹಕ್ಕಿ ಮತ್ತೆ ಮೇಯಲು ತೊಡಗುತ್ತದೆ, ಬಾರದಿದ್ದರೆ ಇನ್ನೂ ಗಟ್ಟಿಯಾಗಿ ಕೂಗುತ್ತದೆ. ಮನೆಯ ನಡುಕೋಣೆಯಲ್ಲಿ ಕೇಳಿಬರುವ ಆ ಅರಚಾಟದ ಮೂಲ ಇದೇ.

ದಾಂಪತ್ಯದಲ್ಲೂ ಈ ಹಕ್ಕಿ ಪಾಲುಗಾರಿಕೆಯದು. ನೀರಿನ ಸಮೀಪದ ಮರದ ಪೊಟರೆಯಲ್ಲಿ ಹೆಣ್ಣು ಸಾಮಾನ್ಯವಾಗಿ ನಾಲ್ಕರಿಂದ ಏಳು ಮೊಟ್ಟೆ ಇಡುತ್ತದೆ. ಹಗಲಿನ ಬಹುಪಾಲು ಗಂಡು ಕಾವು ಕೂರುತ್ತದೆ, ರಾತ್ರಿ ಹೆಣ್ಣು. ಸುಮಾರು ಮೂರು ವಾರಗಳಲ್ಲಿ ಮರಿಗಳು ಹೊರಬರುತ್ತವೆ, ಮತ್ತೆ ನಾಲ್ಕೈದು ವಾರಗಳಲ್ಲಿ ಗೂಡು ಬಿಡುತ್ತವೆ. ಗೂಡು ಬಿಟ್ಟ ಮೇಲೂ ಕೆಲಕಾಲ ತಂದೆತಾಯಿಯರ ಬೆನ್ನಹಿಂದೆ ಅಲೆದು, ಬೇಡಿ ತಿಂದು, ಬೇಡಿದ್ದು ಸಿಗದಾದಾಗ ತಾವೇ ಹೆಕ್ಕುವುದನ್ನು ಕಲಿಯುತ್ತವೆ. ಈ ಕಡೆಯ ಪಾಠವೇ ಮುಂದೆ ಪಂಜರದ ಹಕ್ಕಿಗೆ ತಪ್ಪಿಹೋಯಿತು.

ಹಡಗು ಹತ್ತಿದ ಹಕ್ಕಿ

ಯುರೋಪಿನ ವಿಜ್ಞಾನ ಈ ಹಕ್ಕಿಗೆ ಹೆಸರಿಟ್ಟದ್ದು 1792ರಲ್ಲಿ. ಸ್ಕಾಟ್‌ಲೆಂಡಿನ ರಾಬರ್ಟ್ ಕೆರ್ ಅದನ್ನು ಗಿಳಿಗಳ ಗುಂಪಿಗೆ ಸೇರಿಸಿ ‘ಹಾಲೆಂಡಿಕಸ್’ ಎಂದು ಕರೆದ. ಹಾಲೆಂಡ್ ದೇಶಕ್ಕೂ ಹಕ್ಕಿಗೂ ನಂಟಿರಲಿಲ್ಲ. ಆಸ್ಟ್ರೇಲಿಯಾವನ್ನು ಆಗ ನ್ಯೂ ಹಾಲೆಂಡ್ ಎನ್ನುತ್ತಿದ್ದರು, ಅಷ್ಟೆ. 1832ರಲ್ಲಿ ಜರ್ಮನಿಯ ವಾಗ್ಲರ್ ಈ ಹಕ್ಕಿಗೆಂದೇ ‘ನಿಂಫಿಕಸ್’ ಎಂಬ ಪ್ರತ್ಯೇಕ ಕುಲ ಕಲ್ಪಿಸಿದ. ಗ್ರೀಕ್ ಪುರಾಣದ ವನದೇವತೆಯರ ನೆನಪು ತರುವ ಹೆಸರದು. ಇದು ಉದ್ದಬಾಲದ ಗಿಳಿಯೋ, ಜುಟ್ಟಿನ ಕಾಕಟೂವೋ ಎಂಬ ವಾದ ಮಾತ್ರ ಬಹುಕಾಲ ನಡೆಯಿತು. ಇಪ್ಪತ್ತನೇ ಶತಮಾನದ ಕೊನೆಯಲ್ಲಿ ನಡೆದ ವಂಶವಾಹಿ ಅಧ್ಯಯನಗಳು ಕಾಕಟೀಲನ್ನು ಕಾಕಟೂ ಕುಟುಂಬದ ಅತಿ ಚಿಕ್ಕ ಸದಸ್ಯನೆಂದು ಖಚಿತಪಡಿಸಿದವು.

ಹಕ್ಕಿಯನ್ನು ಜನರ ಕಣ್ಣಿಗೆ ತಂದವರಲ್ಲಿ ಇಂಗ್ಲೆಂಡಿನ ಜಾನ್ ಗೌಲ್ಡ್ ಮತ್ತು ಆತನ ಪತ್ನಿ ಎಲಿಜಬೆತ್ ಮುಖ್ಯರು. 1838ರಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟ ಈ ದಂಪತಿ 1840ರಲ್ಲಿ ಮರಳಿದರು. ಆ ಪ್ರವಾಸದ ಫಲವಾಗಿ ಆಸ್ಟ್ರೇಲಿಯಾದ ಹಕ್ಕಿಗಳನ್ನು ಕುರಿತ ಗೌಲ್ಡ್‌ನ ಏಳು ಸಂಪುಟಗಳು ಹೊರಬಂದವು. ಅನೇಕ ಚಿತ್ರಗಳಿಗೆ ರೂಪ ಕೊಟ್ಟ ಎಲಿಜಬೆತ್ 1841ರಲ್ಲೇ ತೀರಿಕೊಂಡಳು. ಆಕೆಯ ಪ್ರಸಿದ್ಧ ಭಾವಚಿತ್ರವೊಂದರಲ್ಲಿ ಕೈಯ ಮೇಲೆ ಕಾಕಟೀಲ್ ಕುಳಿತಿದೆ. ಅಲೆಮಾರಿ ಹಕ್ಕಿ ಮನುಷ್ಯನ ಕೈಗೆ ಒಗ್ಗಿಕೊಂಡ ಹೊಸ ಅಧ್ಯಾಯಕ್ಕೆ ಆ ಚಿತ್ರ ಮುಖಪುಟದಂತಿದೆ.

ಹತ್ತೊಂಬತ್ತನೇ ಶತಮಾನದ ಮಧ್ಯಭಾಗದಿಂದ ಯುರೋಪಿನ ಹಕ್ಕಿಮನೆಗಳಲ್ಲಿ ಕಾಕಟೀಲ್ ಮೊಟ್ಟೆಯಿಟ್ಟು ಮರಿ ಮಾಡತೊಡಗಿತು. ಹೆಚ್ಚು ಗಲಾಟೆಯಿಲ್ಲ, ಕಾಳು ತಿಂದು ಬದುಕುತ್ತದೆ, ಇಕ್ಕಟ್ಟಿನಲ್ಲೂ ಮರಿಮಾಡುತ್ತದೆ ಎಂಬುದೇ ಅದಕ್ಕೆ ಮುಳುವಾಯಿತೆನ್ನಬೇಕು. ಆದರೂ ಅಂದಿನ ಹಕ್ಕಿಮನೆ ದೊಡ್ಡದು. ಹತ್ತಾರು ಹಕ್ಕಿಗಳು ಒಟ್ಟಿಗಿದ್ದವು. ಮರಿಯನ್ನು ತಂದೆತಾಯಿಗಳೇ ಸಾಕುತ್ತಿದ್ದವು. ಹಿಂಡು ಚಿಕ್ಕದಾಗಿತ್ತಾದರೂ ಇಲ್ಲವಾಗಿರಲಿಲ್ಲ.

ಬಣ್ಣ ಬಂತು, ಹಿಂಡು ಹೋಯಿತು

ಮುಂದಿನ ಬದಲಾವಣೆ ಇಪ್ಪತ್ತನೇ ಶತಮಾನದ್ದು. 1949ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಿಳಿ ಮಚ್ಚೆಗಳ ಕಾಕಟೀಲ್ ಹುಟ್ಟಿತು. 1958ರಲ್ಲಿ ಫ್ಲೋರಿಡಾದಲ್ಲಿ ಕೆಂಗಣ್ಣಿನ, ಬೆಣ್ಣೆಬಣ್ಣದ ‘ಲುಟಿನೊ’ ಬಂತು. ಬಣ್ಣದ ಹಕ್ಕಿಗೆ ಬೆಲೆ ಹೆಚ್ಚು. ಆದ್ದರಿಂದ ತಳಿಗಾರರು ಹತ್ತಿರದ ಸಂಬಂಧದಲ್ಲೇ ಜೋಡಿ ಕಟ್ಟಿ ಬಣ್ಣಗಳನ್ನು ಸ್ಥಿರಗೊಳಿಸಿದರು. ಲುಟಿನೊಗಳಲ್ಲಿ ಜುಟ್ಟಿನ ಹಿಂದೆ ಬೋಳುತಲೆ ಕಾಣಿಸುವುದು, ಕತ್ತಲಲ್ಲಿ ಬೆದರಿ ಪಂಜರಕ್ಕೆ ಬಡಿದುಕೊಳ್ಳುವುದು ಹೆಚ್ಚು. ಚೆಂದಕ್ಕೆ ತೆತ್ತ ಬೆಲೆ ಅದು.

1960ರ ಹೊತ್ತಿಗೆ ಆಸ್ಟ್ರೇಲಿಯಾ ತನ್ನ ಹಕ್ಕಿಗಳ ವಾಣಿಜ್ಯ ರಫ್ತನ್ನು ನಿಲ್ಲಿಸಿತು. ಆಗಲೇ ಬೇರೆ ದೇಶಗಳಲ್ಲಿ ಕಾಕಟೀಲ್ ಸಾಕಷ್ಟು ಹೆಚ್ಚಿಕೊಂಡಿತ್ತು. ಅಲ್ಲಿಂದೀಚೆಗೆ ಜಗತ್ತಿನ ಮನೆಗಳಲ್ಲಿರುವ ಕಾಕಟೀಲ್‌ಗಳೆಲ್ಲ ಹೆಚ್ಚುಕಡಿಮೆ ಪಂಜರದಲ್ಲೇ ಹುಟ್ಟಿದವುಗಳ ಸಂತತಿ. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸಲು 1975ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿ ಗಿಳಿಜಾತಿಯ ಬಹುತೇಕ ಎಲ್ಲ ಹಕ್ಕಿಗಳಿವೆ. ಆದರೆ ಕಾಕಟೀಲ್ ಮತ್ತು ಬಜ್ರಿಗರ್ ಅಲ್ಲಿಲ್ಲ. ತವರಿನಲ್ಲಿ ಅವು ಇಂದಿಗೂ ಹೇರಳವಾಗಿರುವುದೇ ಇದಕ್ಕೆ ಕಾರಣ.

ಇಷ್ಟರಲ್ಲಿ ಕೊಳ್ಳುವವನ ಮನೆಯೂ ಬದಲಾಗಿತ್ತು. ಹಿತ್ತಿಲಿನ ಹಕ್ಕಿಮನೆ ಹೋಗಿ ಫ್ಲ್ಯಾಟಿನ ಮೂಲೆಯ ಒಂಟಿ ಪಂಜರ ಬಂತು. ಒಂಟಿ ಹಕ್ಕಿ ಮನುಷ್ಯನಿಗೆ ಅಂಟಿಕೊಳ್ಳಬೇಕು ಎಂಬ ಬೇಡಿಕೆಯೂ ಬಂತು. ಅದನ್ನು ಪೂರೈಸಲು ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ವ್ಯಾಪಕವಾದ ಪದ್ಧತಿಯೇ ಕೈತುತ್ತಿನ ಸಾಕಣೆ. ಕಣ್ಣು ತೆರೆದು ಕೆಲವೇ ದಿನಗಳಾದ ಮರಿಯನ್ನು ಗೂಡಿನಿಂದ ಎತ್ತಿ, ಸಿರಿಂಜಿನಲ್ಲೋ ಚಮಚದಲ್ಲೋ ಬಿಸಿಗಂಜಿ ಉಣಿಸಿ ಬೆಳೆಸುತ್ತಾರೆ. ಅಂಥ ಮರಿ ಮನುಷ್ಯನಿಗೆ ಹೆದರುವುದಿಲ್ಲ. ಆದರೆ ಹಕ್ಕಿಯಾಗಿ ಬದುಕುವುದನ್ನು ಕಲಿಸುವವರೂ ಅದಕ್ಕೆ ಇರುವುದಿಲ್ಲ.

ಎಳೆಯ ಹಕ್ಕಿಗೆ ಮೊದಲು ಕಂಡವರೇ ತನ್ನವರಾಗಿಬಿಡುವ ಸಂಗತಿಯನ್ನು ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಜ್ 1935ರಷ್ಟು ಹಿಂದೆಯೇ ವಿವರಿಸಿದ್ದ. ಕಾಕಟೀಲ್ ಕುರಿತೇ ನೇರ ಪುರಾವೆ ಬಂದದ್ದು 1988ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಕೈತುತ್ತಿನಲ್ಲಿ ಬೆಳೆದ ಹಕ್ಕಿಗಳನ್ನೂ ತಂದೆತಾಯಿ ಬೆಳೆಸಿದ ಹಕ್ಕಿಗಳನ್ನೂ ಹೋಲಿಸಿ ನೋಡಿದರು. ಕೈತುತ್ತಿನ ಗಂಡುಗಳ ಜೋಡಿಗಳಲ್ಲಿ ಫಲಿತ ಮೊಟ್ಟೆಗಳು ಕಡಿಮೆ. ಕೈತುತ್ತಿನ ಹೆಣ್ಣುಗಳು ಗೂಡುಪೆಟ್ಟಿಗೆಯನ್ನು ಬಿಟ್ಟು ಪಂಜರದ ನೆಲದ ಮೇಲೆ ಮೊಟ್ಟೆಯಿಡುವುದು ಹೆಚ್ಚು. ಊಟ ಒದಗಿಸಿದ ಕೈ ಪಾಠ ಒದಗಿಸಿರಲಿಲ್ಲ.

ನಮ್ಮ ನಾಡಿನ ಗಿಳಿ

ಭಾರತಕ್ಕೆ ಕಾಕಟೀಲ್ ಹೊಸದಿರಬಹುದು, ಗಿಳಿ ಸಾಕುವ ಹವ್ಯಾಸ ಹಳೆಯದು. ಪರ್ಷಿಯಾದ ಆಸ್ಥಾನದಲ್ಲಿದ್ದ ಗ್ರೀಕ್ ವೈದ್ಯ ಕ್ಟೀಸಿಯಸ್, ಕ್ರಿಸ್ತಪೂರ್ವ 400ರ ಸುಮಾರಿಗೆ, ಭಾರತದ ಮಾತುಗಾರ ಹಕ್ಕಿಯ ವಿಷಯ ಬರೆದಿದ್ದಾನೆ. ಗಿಳಿ-ಗೊರವಂಕಗಳಿಗೆ ಮಾತು ಕಲಿಸುವುದನ್ನು ಕಾಮಸೂತ್ರ ಅರವತ್ನಾಲ್ಕು ಕಲೆಗಳಲ್ಲಿ ಒಂದಾಗಿ ಎಣಿಸಿದೆ. ಜಾತ್ರೆ-ಸಂತೆಗಳಲ್ಲಿ ಚೀಟಿ ಎತ್ತಿಕೊಡುವ ಗಿಣಿಶಾಸ್ತ್ರದ ಹಕ್ಕಿಯನ್ನು ಕಾಣದ ಹಿರಿಯರು ಕಡಿಮೆ.

ಏಳನೇ ಶತಮಾನದ ಬಾಣ ಬರೆದ, ನಾಗವರ್ಮ ಕನ್ನಡಕ್ಕೆ ತಂದ ‘ಕಾದಂಬರಿ’ಯಲ್ಲಿ ವೈಶಂಪಾಯನನೆಂಬ ಗಿಳಿಯಿದೆ. ಬೂರುಗದ ಮರದ ಪೊಟರೆಯಲ್ಲಿ ಹುಟ್ಟಿ, ರೆಕ್ಕೆ ಬಲಿಯುವ ಮೊದಲೇ ಬೇಟೆಗಾರನ ಕೈಯಲ್ಲಿ ತಂದೆಯನ್ನು ಕಳೆದುಕೊಂಡು, ಋಷಿಕುಮಾರನೊಬ್ಬನ ಕೈಗೆ ಸಿಕ್ಕಿ ಆಶ್ರಮದಲ್ಲಿ ಬೆಳೆದ ಹಕ್ಕಿ ಅದು. ರೆಕ್ಕೆ ಬಂದು ಹಾರಿಹೊರಟಾಗ ಬಲೆಗೆ ಬಿದ್ದು ಕೊನೆಗೆ ಪಂಜರದಲ್ಲಿ ಅರಮನೆ ಸೇರುತ್ತದೆ. ಕಾವ್ಯದ ಉದ್ದೇಶ ಬೇರೆಯೇ ಆದರೂ, ಮನುಷ್ಯರ ಕೈಯಲ್ಲಿ ಬೆಳೆದ ಮರಿಗೆ ಹೊರಗಿನ ಆಕಾಶ ಸುಲಭವಲ್ಲ ಎಂಬ ಲೋಕಾನುಭವ ಅಲ್ಲಿ ಕಾಣುತ್ತದೆ.

ನಮ್ಮ ಹಸಿರು ಗಿಳಿಯನ್ನು ಹಿಡಿಯುವುದಕ್ಕೂ ಮಾರುವುದಕ್ಕೂ ಈಗ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1990ರ ದಶಕದ ಆರಂಭದ ಬಿಗಿಕ್ರಮಗಳು ದೇಸೀ ಹಕ್ಕಿಗಳ ವ್ಯಾಪಾರಕ್ಕೆ ಬಾಗಿಲು ಹಾಕಿದವು. ಹಕ್ಕಿ ಸಾಕುವ ಆಸೆ ಮಾತ್ರ ಹೋಗಲಿಲ್ಲ. ಆ ಆಸೆ ಹೊರದೇಶದ ತಳಿಗಳತ್ತ ತಿರುಗಿತು. ಬಜ್ರಿಗರ್, ಲವ್‌ಬರ್ಡ್, ಕಾಕಟೀಲ್‌ಗಳು ನಮ್ಮ ಪೇಟೆಗಳಲ್ಲಿ ಕಾಣಸಿಗುವುದು ಹೀಗೆ.

2015ರಲ್ಲಿ ದೆಹಲಿ ಹೈಕೋರ್ಟ್, ಆಕಾಶದಲ್ಲಿ ಹಾರುವುದು ಹಕ್ಕಿಗಳ ಹಕ್ಕು, ಅವನ್ನು ಸಣ್ಣ ಪಂಜರಗಳಲ್ಲಿ ಕೂಡಿಹಾಕುವುದು ಸಲ್ಲದು ಎಂಬ ಅಭಿಪ್ರಾಯ ವ್ಯಕ್ತಪಡಿಸಿತು. ಹಾಗಾದರೆ ಕಾಕಟೀಲನ್ನು ಕಿಟಕಿಯಿಂದ ಹಾರಿಬಿಟ್ಟರಾಯಿತೆ? ಇಲ್ಲ. ಅದು ಪುಣ್ಯದ ಕೆಲಸವಾಗುವುದಿಲ್ಲ. ತಲೆಮಾರುಗಳಿಂದ ಪಂಜರದಲ್ಲಿ ಹುಟ್ಟಿದ, ಬಟ್ಟಲಿನ ಕಾಳು ಬಿಟ್ಟು ಬೇರೆ ತಿಳಿಯದ ಹಕ್ಕಿ ಕಾಗೆ-ಹದ್ದುಗಳ ನಡುವೆ ಹೆಚ್ಚು ದಿನ ಉಳಿಯುವುದಿಲ್ಲ. ಬಿಡುಗಡೆಯ ದಾರಿ ಮುಚ್ಚಿದ ಮೇಲೆ ಉಳಿಯುವುದು ಸ್ವಾವಲಂಬನೆಯ ದಾರಿ. ಅದನ್ನು ಮನೆಯೊಳಗೇ ಮಾಡಿಕೊಡಬೇಕು.

ಸ್ವಾವಲಂಬನೆಯ ಪಾಠ

ಸಾಕುಪ್ರಾಣಿಯ ಹಿತವೆಂದರೆ ಹೊಟ್ಟೆ ತುಂಬಿಸುವುದಷ್ಟೇ ಅಲ್ಲವೆಂಬ ಅರಿವು ಬಂದದ್ದು ನಿಧಾನವಾಗಿ. ಬ್ರಿಟನ್ನಿನಲ್ಲಿ 1965ರ ಬ್ರಾಂಬೆಲ್ ಸಮಿತಿ, ದೊಡ್ಡಿಯ ಪ್ರಾಣಿಗೂ ಏಳಲು, ಮಲಗಲು, ತಿರುಗಲು, ಮೈ ಸವರಿಕೊಳ್ಳಲು, ಕೈಕಾಲು ಚಾಚಲು ಅವಕಾಶವಿರಬೇಕೆಂದಿತು. 1963ರಲ್ಲಿ ಗ್ಲೆನ್ ಜೆನ್ಸನ್ ಎಂಬ ಅಮೆರಿಕದ ಮನೋವಿಜ್ಞಾನಿ ಇಲಿಗಳಲ್ಲಿ ಒಂದು ವಿಚಿತ್ರ ಕಂಡಿದ್ದ. ಬಟ್ಟಲಿನಲ್ಲಿ ಪುಕ್ಕಟೆ ಆಹಾರವಿದ್ದರೂ ಅವು ಸನ್ನೆ ಒತ್ತಿ ದುಡಿದು ತಿನ್ನಲು ಹೋಗುತ್ತಿದ್ದವು. ದುಡಿದು ತಿನ್ನುವ ಆಸೆ ಗಿಳಿಗಳಲ್ಲೂ ಇದೆಯೆಂದು ಮುಂದೆ ತಿಳಿದುಬಂತು. 2003ರಲ್ಲಿ ಡೇವಿಸ್ ಕೇಂದ್ರದ ಮತ್ತೊಂದು ತಂಡ ಅಮೆಜಾನ್ ಗಿಳಿಗಳಿಗೆ ಆಹಾರ ಹುಡುಕುವ ಕೆಲಸವನ್ನೂ ಹತ್ತಿಳಿಯಲು ಬಗೆಬಗೆಯ ಸಾಧನಗಳನ್ನೂ ಒದಗಿಸಿ, ಗರಿ ಕೀಳುವ ಚಾಳಿಯನ್ನು ತಡೆಯಲೂ ತಗ್ಗಿಸಲೂ ಸಾಧ್ಯವೆಂದು ತೋರಿಸಿತು.

ಮನೆಯ ಕಾಕಟೀಲಿಗೆ ಹೊಂದಿಸಿದರೆ ಇದರ ಅರ್ಥ ಸರಳ. ದಿನದ ಕಾಳನ್ನೆಲ್ಲ ಬಟ್ಟಲಿಗೆ ಸುರಿಯುವ ಬದಲು ಒಂದು ಪಾಲನ್ನು ಹುಡುಕಿ ತಿನ್ನುವಂತೆ ಇಡಬೇಕು. ನಮ್ಮ ಹೊಲದ ನವಣೆಯ ತೆನೆಯೇ ಪಾಶ್ಚಾತ್ಯ ಅಂಗಡಿಗಳಲ್ಲಿ ಕಾಕಟೀಲಿಗೆಂದು ಮಾರುವ ತಿನಿಸು. ಅದನ್ನು ಪಂಜರದ ಸರಳಿಗೆ ಎತ್ತರದಲ್ಲಿ ಕಟ್ಟಬಹುದು. ಅಗಲ ತಟ್ಟೆಯಲ್ಲಿ ಕಾಗದದ ಚೂರುಗಳ ನಡುವೆ ಕಾಳು ಹರಡಬಹುದು, ತೆಳುವಾದ ಕಾಗದದಲ್ಲಿ ಪೊಟ್ಟಣ ಕಟ್ಟಿಡಬಹುದು. ಕಾಕಟೀಲ್ ಕಾಡಿನಲ್ಲಿ ನೆಲದ ಮೇಲೆ ಮೇಯುವ ಹಕ್ಕಿಯಾದ್ದರಿಂದ ಈ ಹರಡಿದ ತಟ್ಟೆ ಅದಕ್ಕೆ ಬೇಗ ಒಗ್ಗುತ್ತದೆ. ಕೈತುತ್ತಿನ ಹಕ್ಕಿ ಮೊದಲು ಹೊಸ ವಸ್ತುವಿಗೆ ಹೆದರಬಹುದು. ಆಗ ಯಜಮಾನನೇ ಹತ್ತಿರ ಕುಳಿತು ಬೆರಳಿನಿಂದ ಕಾಳು ಕೆದಕಿದರೆ ಸಾಕು. ತಂದೆಹಕ್ಕಿ ಮಾಡಬೇಕಿದ್ದ ಕೆಲಸ ಅದು.

ಎರಡನೆಯದು ಕೂಗು. ಕೂಗಿದಾಗಲೆಲ್ಲ ಓಡಿಬಂದರೆ, ಬೈಯಲು ಬಂದರೂ ಸರಿ, ಹಕ್ಕಿ ಅರಚುವುದನ್ನೇ ಕಲಿಯುತ್ತದೆ. ಉತ್ತರವನ್ನೇ ಕೊಡದೆ ಕಿವುಡಾದರೆ ಅದರ ದಿಗಿಲು ಹೆಚ್ಚುತ್ತದೆ. ನಡುದಾರಿಯೊಂದಿದೆ. ಇನ್ನೊಂದು ಕೋಣೆಯಿಂದಲೇ ಒಂದು ಗೊತ್ತಾದ ಶಿಳ್ಳೆಯಲ್ಲಿ ಉತ್ತರಿಸುವುದು, ಹಕ್ಕಿಯೂ ಮೆಲ್ಲನೆ ಶಿಳ್ಳೆ ಹಾಕಿದಾಗ ಬಂದು ಮಾತಾಡಿಸುವುದು. ‘ಹಿಂಡು ಕಣ್ಣಿಗೆ ಕಾಣದಿದ್ದರೂ ಇದೆ’ ಎಂಬ ನಂಬಿಕೆ ಹೀಗೆ ಬಲಿಯುತ್ತದೆ. ಅಗಲಿಕೆಯನ್ನೂ ಅಳತೆಮಾಡಿ ಕಲಿಸಬೇಕು. ಮೊದಲು ಅರ್ಧ ನಿಮಿಷ, ಆಮೇಲೆ ಎರಡು ನಿಮಿಷ, ಮತ್ತೆ ಹತ್ತು ನಿಮಿಷ. ಹಕ್ಕಿ ಗಾಬರಿಯಾಗುವ ಮೊದಲೇ ಮರಳುವುದು ಇಲ್ಲಿನ ಗುಟ್ಟು.

ಮೂರನೆಯದು ಜಾಗ. ಹೆಗಲೊಂದೇ ಕೂರುವ ತಾಣವಾದರೆ ಹಕ್ಕಿ ಹೆಗಲನ್ನೇ ಬಯಸುತ್ತದೆ. ಮನೆಮಂದಿ ಓಡಾಡುವ ಕಡೆ ಮರದ ಕೊಂಬೆಯ ಒಂದು ನಿಲುವನ್ನು ಇಟ್ಟು, ಅಲ್ಲಿಗೆ ತಾನಾಗಿ ಹೋದಾಗೆಲ್ಲ ಒಂದು ಕಾಳು ಕೊಟ್ಟರೆ, ಹತ್ತಿರವಿದ್ದೂ ಬೇರೆಯಾಗಿರುವುದು ಅದಕ್ಕೆ ರೂಢಿಯಾಗುತ್ತದೆ. ರೆಕ್ಕೆ ಕತ್ತರಿಸದೆ ಬೆಳೆದ ಹಕ್ಕಿ ಬೇಡದ ಕಡೆಯಿಂದ ತಾನೇ ಎದ್ದುಹೋಗಬಲ್ಲದು. ಸ್ವಾವಲಂಬನೆಯ ಅರ್ಧ ಅದೇ. ಆದರೆ ಹಾರುವ ಹಕ್ಕಿಯ ಮನೆಯಲ್ಲಿ ಎಚ್ಚರ ಬೇಕು. ಸೀಲಿಂಗ್ ಫ್ಯಾನ್ ನಿಂತಿರಬೇಕು, ಕಿಟಕಿಗೆ ಜಾಲರಿ ಇರಬೇಕು, ನೀರಿನ ಬಕೆಟ್ ಮುಚ್ಚಿರಬೇಕು. ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು.

ಮುದ್ದಿಗೂ ಮಿತಿ ಬೇಕು. ತಲೆ-ಕತ್ತು ಕೆರೆಯುವುದು ಹಕ್ಕಿಗಳ ನಡುವಿನ ಸ್ನೇಹದ ರೀತಿ. ಬೆನ್ನು ಸವರುವುದು ಮಾತ್ರ ಅದಕ್ಕೆ ಜೋಡಿಯ ಸಂಜ್ಞೆ. ಹಾಗೆ ಮುದ್ದಿಸಿಕೊಂಡ ಹೆಣ್ಣು ಗಂಡಿಲ್ಲದೆಯೂ ಮೇಲಿಂದ ಮೇಲೆ ಮೊಟ್ಟೆಯಿಟ್ಟು, ಮೈಯ ಸುಣ್ಣ ಕರಗಿ, ಮೊಟ್ಟೆ ಸಿಕ್ಕಿಕೊಂಡು ಸಾಯುವುದುಂಟು. ರಾತ್ರಿ ಹತ್ತು-ಹನ್ನೆರಡು ಗಂಟೆಗಳ ನೆಮ್ಮದಿಯ ನಿದ್ದೆ, ಬೆದರುವ ಹಕ್ಕಿಗೆ ಮಂದ ದೀಪ, ಇವೂ ಬೇಕು. ಹಕ್ಕಿ ಇದ್ದಕ್ಕಿದ್ದಂತೆ ಗರಿ ಕೀಳತೊಡಗಿದರೆ, ಕಾಳು ಬಿಟ್ಟರೆ, ಅದನ್ನು ಬೇಸರವೆಂದು ತಳ್ಳಿಹಾಕದೆ ಮೊದಲು ಪಶುವೈದ್ಯರಿಗೆ ತೋರಿಸುವುದು ಲೇಸು.

ಜೊತೆಯ ಪ್ರಶ್ನೆ

ಇಷ್ಟೆಲ್ಲ ಮಾಡುವ ಬದಲು ಇನ್ನೊಂದು ಕಾಕಟೀಲ್ ತಂದರಾಗದೇ ಎಂಬ ಪ್ರಶ್ನೆ ಸಹಜ. ಸ್ವಿಟ್ಜರ್‌ಲೆಂಡ್ 2008ರಲ್ಲಿ ಹೊರಡಿಸಿದ ಪ್ರಾಣಿರಕ್ಷಣಾ ನಿಯಮಾವಳಿ, ಗುಂಪಿನಲ್ಲಿ ಬದುಕುವ ಜೀವಿಗಳಿಗೆ ಸ್ವಜಾತಿಯ ಜೊತೆ ಬೇಕೆನ್ನುತ್ತದೆ. ಗಿಳಿಗಳೂ ಅದರಲ್ಲಿ ಸೇರಿವೆ. ಹಿಂಡಿನ ಹಕ್ಕಿಗೆ ಹಕ್ಕಿಯ ಜೊತೆಯೇ ಸರಿಯಾದ ಜೊತೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಮನುಷ್ಯನನ್ನೇ ಹಿಂಡೆಂದು ನಂಬಿ ಬೆಳೆದ ಹಕ್ಕಿ ಹೊಸಬನನ್ನು ಕೂಡಲೇ ಒಪ್ಪದು. ಹೊಸ ಹಕ್ಕಿಯನ್ನು ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಪಕ್ಕದ ಪಂಜರದಿಂದ ಪರಿಚಯ ಆರಂಭಿಸಬೇಕು. ಜೋಡಿ ಕೂಡಿದ ಮೇಲೆ ಹಕ್ಕಿ ಯಜಮಾನನ ಹೆಗಲಿಗೆ ಮೊದಲಿನಷ್ಟು ಬಾರದಿರಬಹುದು. ಅದನ್ನು ನಷ್ಟವೆಂದು ಎಣಿಸುವವರು ಒಂಟಿಹಕ್ಕಿಯನ್ನು ತಂದದ್ದು ಯಾರ ಸುಖಕ್ಕೆಂದು ಯೋಚಿಸುವುದೊಳ್ಳೆಯದು.

2020ರ ಲಾಕ್‌ಡೌನ್ ತಿಂಗಳುಗಳು ಈ ಮಾತಿಗೆ ಕನ್ನಡಿ ಹಿಡಿದವು. ಮನೆಮಂದಿಯೆಲ್ಲ ದಿನವಿಡೀ ಮನೆಯಲ್ಲಿದ್ದ ಕಾಲದಲ್ಲಿ ಬೆಳೆದ ಹಕ್ಕಿಗೆ ಅದೇ ಲೋಕದ ನಿಯಮವೆನಿಸಿತ್ತು. ಶಾಲೆ-ಕಚೇರಿಗಳು ಮತ್ತೆ ತೆರೆದಾಗ ಹಿಂಡು ಏಕಾಏಕಿ ಮಾಯವಾಯಿತು. ತಪ್ಪು ಹಕ್ಕಿಯದಲ್ಲ, ಒಂಟಿಯಾಗಿರುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಚೆನ್ನಾಗಿ ನೋಡಿಕೊಂಡ ಕಾಕಟೀಲ್ ಹದಿನೈದು-ಇಪ್ಪತ್ತು ವರ್ಷ ಬಾಳುತ್ತದೆ. ಹಟ ಹಿಡಿದು ಅದನ್ನು ಕೊಡಿಸಿಕೊಂಡ ಮಗು ಅಷ್ಟರಲ್ಲಿ ಕಾಲೇಜಿಗೆಂದೋ ಉದ್ಯೋಗಕ್ಕೆಂದೋ ಬೇರೆ ಊರು ಸೇರಿರುತ್ತದೆ. ಹಿರಿಯರು ಇನ್ನಷ್ಟು ಹಿರಿಯರಾಗಿರುತ್ತಾರೆ. ಹಕ್ಕಿ ಮಾತ್ರ ಅದೇ ಮೂಲೆಯಲ್ಲಿರುತ್ತದೆ. ಆ ದಿನ ಬಂದಾಗ ಅದು ಒಬ್ಬರ ಹೆಗಲಿಗಾಗಿ ಕೊರಗದೆ, ತೆನೆ ಬಿಡಿಸಿ ತಿಂದು, ಕೊಂಬೆಯಿಂದ ಕೊಂಬೆಗೆ ಹಾರಿ, ಯಾರು ಕರೆದರೂ ಶಿಳ್ಳೆಯಲ್ಲಿ ಓಗೊಡುವಂತಿದ್ದರೆ ಸಾಕಿದವರ ಪ್ರೀತಿ ಹಕ್ಕಿಗೆ ದಕ್ಕಿತೆನ್ನಬಹುದು. ಅದಕ್ಕೆ ಬೇಕಾದ ಪಾಠವನ್ನು ಹಕ್ಕಿ ಮನೆಗೆ ಬಂದ ಮೊದಲ ವಾರದಲ್ಲೇ, ಅರ್ಧ ನಿಮಿಷದ ಅಗಲಿಕೆಯಿಂದ, ಆರಂಭಿಸಬಹುದು.